ರಜ ಹೊಡೆಯುವ ಸೇವೆ: ಮಲೆಯೆಲ್ಲ ಮಾದಪ್ಪನ ಅಂಗಳ

ಉಘೇ ಉಘೇ ಮಾದಪ್ಪ!



ಎಪ್ಪತ್ತೇಳು ಮಲೆಯ ಒಡೆಯ, ಹುಲಿಯನ್ನೇರಿದ ಮಾಯಕಾರ, ಶ್ರೀ ಮಲೆ ಮಹದೇಶ್ವರಸ್ವಾಮಿಯ ಸನ್ನಿಧಿಗೆ ಬರುವ ಭಕ್ತಾದಿಗಳು ತಮ್ಮ ತಮ್ಮ ಶಕ್ತ್ಯಾನುಸಾರ ಸೇವೆ ಸಲ್ಲಿಸುತ್ತಾರೆ. ಉಳ್ಳವರು ಚಿನ್ನದ ತೇರು ಎಳೆಸುತ್ತಾರೆ, ಹುಲಿವಾಹನ, ಬಸವವಾಹನದ ಉತ್ಸವ ಮಾಡಿಸುತ್ತಾರೆ. ಕೆಲವರು ಮುಡಿ ಕೊಡುತ್ತಾರೆ. ಕೆಲವರು ಉರುಳು ಸೇವೆ, ಪಂಜಿನ ಸೇವೆ ಮಾಡುತ್ತಾರೆ. ಕೈಯಲ್ಲಿ ಕಾಸಿಲ್ಲದ ಬಡವರಿಗೂ ಈ ಕ್ಷೇತ್ರದಲ್ಲಿ ಒಂದು ದೊಡ್ಡ ಸೇವೆಯುಂಟು. ಅದೇ ರಜ ಹೊಡೆಯುವ ಸೇವೆ.

ರಜ ಎಂದರೆ ಧೂಳು. ಭಕ್ತರು ಪೊರಕೆ ಹಿಡಿದು ಸ್ವಾಮಿಯ ಉತ್ಸವ ಸಾಗುವ ದಾರಿಯನ್ನು ಗುಡಿಸುತ್ತಾ ದೇವಸ್ಥಾನದ ಸುತ್ತ ಬರುವುದೇ ಈ ಸೇವೆ. ಮಗುವಿಗೆ ಕಾಯಿಲೆ ವಾಸಿಯಾದರೆ, ಮನೆಯ ಕಷ್ಟ ನೀಗಿದರೆ ರಜ ಹೊಡೆಯುತ್ತೇನೆ ಎಂದು ಹರಕೆ ಹೊತ್ತವರು ಜಾತ್ರೆಯಲ್ಲಿ ಬಂದು ತೀರಿಸುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಪೊರಕೆ, ಬಗ್ಗುವ ಬೆನ್ನು, ಅಷ್ಟೆ. ದೇವರ ಮುಂದೆ ತಲೆ ಬಗ್ಗಿಸುವವರು ಬಹಳ ಜನ. ದೇವರ ದಾರಿಯ ಕಸಕ್ಕೆ ಬೆನ್ನು ಬಗ್ಗಿಸುವವರು ಕಡಿಮೆ. ಆದ್ದರಿಂದಲೇ ಹಿರಿಯರು ಇದನ್ನು ಸೇವೆಗಳ ಸಾಲಿನಲ್ಲಿ ಸೇರಿಸಿದ್ದಾರೆ.

ಈಗ ಭಕ್ತನಾದವನು ವಿಚಾರ ಮಾಡಬೇಕಾದ ಮಾತೊಂದಿದೆ. ಸ್ವಾಮಿಯ ಅಂಗಳ ಎಲ್ಲಿಗೆ ಮುಗಿಯುತ್ತದೆ? ಪ್ರಾಕಾರದ ಗೋಡೆಗೆ ಮುಗಿಯುತ್ತದೆಯೋ, ಅದರಾಚೆಗೂ ಉಂಟೋ?

ಮಲೆಯೆಂದರೆ ಯಾವುದು?

ಮಾದಪ್ಪನನ್ನು ಜನ ಕರೆಯುವುದು ಗುಡಿಯ ಒಡೆಯ ಎಂದಲ್ಲ, ಮಲೆಯ ಒಡೆಯ ಎಂದು. ಆ ಮಲೆಗಳ ಹೆಸರನ್ನೇ ನೋಡಿ: ಆನೆಮಲೆ, ಜೇನುಮಲೆ, ಕಾನುಮಲೆ. ಆನೆ, ಜೇನು, ಕಾನು ಎಲ್ಲವೂ ಸ್ವಾಮಿಯ ಸಂಸಾರವೇ. ಗುಡಿ ಆಮೇಲೆ ಬಂತು. ಆಲಂಬಾಡಿಯ ಜುಂಜೇಗೌಡ ಗುಡಿ ಕಟ್ಟಿಸಿದನೆಂದು ಸ್ವಾಮಿಯ ಕಥೆ ಹೇಳುತ್ತದೆ. ಅದಕ್ಕೂ ಮೊದಲು ಸ್ವಾಮಿ ತಪಸ್ಸಿಗೆ ಕೂತದ್ದು ಈ ಕಾಡಿನಲ್ಲಿ, ಓಡಾಡಿದ್ದು ಈ ಬೆಟ್ಟಗಳ ಮೇಲೆ, ಏರಿದ್ದು ಈ ಕಾಡಿನ ಹುಲಿಯನ್ನು.

ಚಾಮರಾಜನಗರ ಜಿಲ್ಲೆಯ ಈ ಕಾಡನ್ನು ಸರ್ಕಾರ 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 906 ಚದರ ಕಿಲೋಮೀಟರ್. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಕಾವೇರಿ ವನ್ಯಧಾಮ, ಮತ್ತೊಂದು ಕಡೆ ತಮಿಳುನಾಡಿನ ಸತ್ಯಮಂಗಲದ ಕಾಡು ಇದಕ್ಕೆ ಸೇರಿಕೊಂಡಿವೆ. ಆನೆಗೆ, ಹುಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹೋಗುವ ಅವುಗಳ ಹಾದಿಯ ನಟ್ಟನಡುವೆ ಸ್ವಾಮಿಯ ಮಲೆ ನಿಂತಿದೆ.

ದೀಪಾವಳಿ ಜಾತ್ರೆಯ ಹಾಲರವಿ ಉತ್ಸವವನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಾಲಹಳ್ಳಕ್ಕೆ ಹೋಗಿ, ಕಳಶದಲ್ಲಿ ನೀರು ಹೊತ್ತು ತರುತ್ತಾರೆ. ಆ ನೀರಿನಿಂದ ಸ್ವಾಮಿಗೆ ಅಭಿಷೇಕ. ಹಳ್ಳಕ್ಕೆ ನೀರು ಎಲ್ಲಿಂದ ಬರಬೇಕು? ಮರದಿಂದ ಉದುರಿದ ತರಗೆಲೆ ನೆಲಕ್ಕೆ ಹೊದಿಕೆಯಾಗಿ ಮಳೆಯ ನೀರನ್ನು ತಡೆದು, ನಿಧಾನವಾಗಿ ಮಣ್ಣಿಗಿಳಿಸಿ, ಹಳ್ಳಕ್ಕೆ ಬಿಡುತ್ತದೆ. ಕಾಡು ಸುಟ್ಟು ನೆಲ ಬೋಳಾದರೆ ಮಳೆ ಬಂದ ದಿನ ಕೆಂಪು ನೀರು ಹರಿದುಹೋಗಿ ಮರುದಿನ ಹಳ್ಳ ಒಣಗುತ್ತದೆ. ಆಗ ಸ್ವಾಮಿಯ ಅಭಿಷೇಕಕ್ಕೇ ಕುಂದು ಬಂದಂತೆ. ಆದುದರಿಂದ ಕಾಡು ಉಳಿಸುವ ಕೆಲಸ ಪೂಜೆಯಿಂದ ಬೇರೆಯಲ್ಲ, ಪೂಜೆಗೆ ಮೊದಲು ಆಗಬೇಕಾದ ಕೆಲಸ.

ಸ್ವಾಮಿಯ ವಾಹನಕ್ಕೆ ಒದಗಿದ ಗತಿ

2025ರ ಜೂನ್ ತಿಂಗಳಲ್ಲಿ ಈ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹೊಡೆದ ಹಸುವಿನ ಮೈಗೆ ವಿಷ ಹಾಕಿದ್ದರು, ಅದನ್ನು ತಿಂದು ಐದೂ ಸತ್ತವು ಎಂದು ತನಿಖೆಯಲ್ಲಿ ಹೊರಬಿತ್ತು. ನಾಡಿಗೆ ನಾಡೇ ಮರುಗಿತು. ಮಾದಪ್ಪನ ಒಕ್ಕಲು ಮನೆಗಳಲ್ಲಿ ಆ ಸುದ್ದಿ ಕೇಳಿ ತುತ್ತು ಗಂಟಲಲ್ಲಿ ಇಳಿಯದವರು ಎಷ್ಟೋ ಜನ. ಸ್ವಾಮಿ ಏರುವ ಹುಲಿ ಸ್ವಾಮಿಯ ಮಲೆಯಲ್ಲೇ ವಿಷ ತಿಂದು ಸಾಯುವುದೆಂದರೇನು?

ಇಲ್ಲಿ ಕೋಪ ಮಾಡಿಕೊಂಡು ಸುಮ್ಮನಾಗುವುದು ಸುಲಭ. ಧರ್ಮ ಅದಕ್ಕಿಂತ ಕಷ್ಟದ್ದು. ಹಸು ಕಳೆದುಕೊಂಡವನ ಸಂಕಟವನ್ನೂ ನೋಡಬೇಕು. ಕಾಡಂಚಿನ ಬಡವನಿಗೆ ಒಂದು ಹಸು ಹೋಯಿತೆಂದರೆ ಮಕ್ಕಳ ಹಾಲು ಹೋಯಿತು, ಗೊಬ್ಬರ ಹೋಯಿತು, ಕಷ್ಟಕಾಲದ ಗಂಟು ಹೋಯಿತು. ಬಸವನೂ ಸ್ವಾಮಿಯದೇ, ಹುಲಿಯೂ ಸ್ವಾಮಿಯದೇ. ಎರಡನ್ನೂ ವಾಹನ ಮಾಡಿಕೊಂಡ ದೇವರು ಒಂದರ ಸಲುವಾಗಿ ಇನ್ನೊಂದನ್ನು ಕೊಲ್ಲು ಎನ್ನುವುದಿಲ್ಲ. ಹಾಗೆಂದು ವಿಷ ಇಟ್ಟದ್ದು ಪಾಪವಲ್ಲವೆಂದೂ ಅಲ್ಲ. ಅದು ಕಾನೂನಿಗೂ ಅಪರಾಧ, ದೇವರಿಗೂ ಅಪಚಾರ.

ಹುಲಿ ದನಕ್ಕೆ ಬರುವುದಕ್ಕೂ ಕಾರಣಗಳುಂಟು. ಪರದೇಶದಿಂದ ಬಂದ ಲಂಟಾನ ಎಂಬ ಮುಳ್ಳುಗಿಡ ನಮ್ಮ ಕಾಡುಗಳ ತುಂಬ ಹಬ್ಬಿದೆ. ಅದರ ಪೊದೆಯಡಿ ಹುಲ್ಲು ಬೆಳೆಯದು. ಹುಲ್ಲು ಕಡಿಮೆಯಾದರೆ ಜಿಂಕೆ, ಕಡವೆಗೆ ಮೇವು ಕಡಿಮೆ. ಅವು ಕಡಿಮೆಯಾದರೆ ಹುಲಿಯ ಕಣ್ಣು ಊರ ದನದ ಮೇಲೆ. ಅತ್ತ ಕಾಡಿನಲ್ಲಿ ಹುಲ್ಲು ಸಾಯುವುದಕ್ಕೂ ಇತ್ತ ದೊಡ್ಡಿಯಲ್ಲಿ ಹಸು ಸಾಯುವುದಕ್ಕೂ ಹೀಗೆ ಕೊಂಡಿಯುಂಟು. ಸೇವೆ ಮಾಡುವವನು ಈ ಕೊಂಡಿಯನ್ನು ತಿಳಿದು ಮಾಡಬೇಕು.

ಹಾದಿಯ ರಜ

ಶಿವರಾತ್ರಿ, ಯುಗಾದಿ, ದೀಪಾವಳಿಗೆ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಕನಕಪುರದ ಕಡೆಯವರು ಸಂಗಮದ ಹತ್ತಿರ ಕಾವೇರಿ ದಾಟಿ ವನ್ಯಧಾಮದೊಳಗೆ ನಡೆದು ಬರುತ್ತಾರೆ. ಕೊಳ್ಳೇಗಾಲ, ಹನೂರಿನ ಕಡೆಯವರು ತಾಳಬೆಟ್ಟದಿಂದ ಮೇಲೇರುತ್ತಾರೆ. ಬರಿಗಾಲಲ್ಲಿ, ಕಾಲು ಬೊಬ್ಬೆ ಬಂದರೂ ಬಿಡದೆ ಬರುವ ಅವರ ಭಕ್ತಿ ದೊಡ್ಡದು. ಹಾದಿಯುದ್ದಕ್ಕೂ ಮಜ್ಜಿಗೆ, ಪಾನಕ, ಅನ್ನ ಕೊಡುವ ದಾನಿಗಳ ಮನಸ್ಸೂ ದೊಡ್ಡದು. ಆದರೆ ಜನ ಹೋದ ಮೇಲೆ ಹಾದಿಯಲ್ಲಿ ಏನು ಉಳಿಯುತ್ತದೆ? ನೀರಿನ ಬಾಟಲಿ, ಊಟದ ತಟ್ಟೆ, ಲೋಟ, ಗುಟ್ಕಾ ಚೀಟಿ, ಒಡೆದ ಗಾಜು. ದಾನ ಪುಣ್ಯದ್ದು. ದಾನದ ತಟ್ಟೆ ಕಾಡಿಗೆ ಬಿದ್ದರೆ ಆ ಪುಣ್ಯದಲ್ಲಿ ಒಂದು ಪಾಲು ಅಲ್ಲೇ ಸೋರಿಹೋಯಿತು.

ಪ್ಲಾಸ್ಟಿಕ್ ಚೀಲಕ್ಕೆ ಅಂಟಿದ ಉಪ್ಪು, ಅನ್ನ, ಸಾರಿನ ವಾಸನೆಗೆ ಆನೆ, ಜಿಂಕೆ, ದನಗಳು ಚೀಲವನ್ನೇ ತಿನ್ನುತ್ತವೆ. ಅದು ಕರಗುವುದಿಲ್ಲ, ಹೊಟ್ಟೆಯಲ್ಲಿ ಉಂಡೆಗಟ್ಟಿ ಕೂರುತ್ತದೆ. ಗಾಜಿನ ಚೂರು ಆನೆಯ ಅಂಗಾಲಿಗೆ ಹೊಕ್ಕರೆ ತೆಗೆಯುವವರು ಯಾರು? ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು 2016ರಲ್ಲೇ ನಿಷೇಧಿಸಲಾಗಿದೆ. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ಬಂದಿದೆ. ಕಾನೂನು ಮಾಡಿದ್ದಾಯಿತು. ಬಗ್ಗಿ ಎತ್ತುವ ಕೈ ಮಾತ್ರ ಬೇಕಾಗಿದೆ.

ಎಲ್ಲಕ್ಕಿಂತ ಭಯದ್ದು ಬೆಂಕಿ. ಶಿವರಾತ್ರಿ, ಯುಗಾದಿ ಬರುವುದು ಕಾಡು ಒಣಗಿ ತರಗೆಲೆ ಗರಿಗರಿಯಾಗಿರುವ ಕಾಲದಲ್ಲಿ. ಆರಿಸದೆ ಎಸೆದ ಬೀಡಿ ತುಂಡು, ಅಡುಗೆ ಮಾಡಿ ಬಿಟ್ಟುಹೋದ ಕಲ್ಲೊಲೆಯ ಕೆಂಡ ಸಾಕು, ಬೆಟ್ಟಕ್ಕೆ ಬೆಟ್ಟವೇ ಹೊತ್ತಿಕೊಳ್ಳುತ್ತದೆ. ಆಮೆ, ಹಾವು, ನೆಲದಲ್ಲಿ ಮೊಟ್ಟೆಯಿಟ್ಟ ಹಕ್ಕಿಗಳಿಗೆ ಓಡಲು ದಾರಿಯಿಲ್ಲ. ದೇವರಿಗೆ ಪಂಜು ಹಿಡಿಯುವ ಭಕ್ತ ದೇವರ ಕಾಡಿಗೆ ಕೊಳ್ಳಿ ಇಡಬಾರದು.

ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಕೊಡುವುದೂ ಪುಣ್ಯವೆಂದು ಕೆಲವರು ತಿಳಿದಿದ್ದಾರೆ. ಕೈತುತ್ತು ಕಲಿತ ಕೋತಿ ಕಾಡಿನ ಹಣ್ಣು ಹುಡುಕುವುದನ್ನು ಬಿಟ್ಟು ರಸ್ತೆಗೆ ಬರುತ್ತದೆ, ಬಸ್ಸು ಲಾರಿಗಳಿಗೆ ಸಿಕ್ಕಿ ಸಾಯುತ್ತದೆ. ತೀರ್ಥಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ನೀರಿನಲ್ಲೇ ಬಿಡುವುದೂ ಹೀಗೆಯೇ. ಪಾಪ ಕಳೆಯುತ್ತದೆಂದು ಬಿಟ್ಟ ಬಟ್ಟೆ ನೀರು ಕೆಡಿಸಿ ಇನ್ನೊಬ್ಬರ ಮೈಗೆ ಕಾಯಿಲೆಯಾಗುತ್ತದೆ.

ಒಂದು ದೃಷ್ಟಾಂತ

ಮಂಡ್ಯ ಸೀಮೆಯ ಒಬ್ಬ ಅಜ್ಜಿ ಮೊಮ್ಮಗನಿಗೆ ಜ್ವರ ಬಿಟ್ಟರೆ ರಜ ಹೊಡೆಯುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಜ್ವರ ಬಿಟ್ಟಿತು. ಹುಡುಗನನ್ನೂ ಕರೆದುಕೊಂಡು ಕಾಲ್ನಡಿಗೆಯಲ್ಲಿ ಹೊರಟಳು. ತಾಳಬೆಟ್ಟ ದಾಟಿ ಮೇಲೆ ಹತ್ತುವಾಗ ಹುಡುಗ ನೀರು ಕುಡಿದು ಖಾಲಿ ಬಾಟಲಿಯನ್ನು ಪೊದೆಗೆ ಎಸೆದ. ಅಜ್ಜಿ ಹೋಗಿ ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಯಾಕಜ್ಜಿ ಎತ್ಕಂಡೆ? ಗುಡಿಸೋರು ಬತ್ತಾರೆ ಬುಡು."

"ಗುಡ್ಸೋಳು ನಾನೇ ಅಲ್ವೇನ್ಲಾ? ಅದ್ಕೆ ತಾನೆ ಅರಕೆ ಹೊತ್ಕಂಡು ಬಂದಿರೋದು?"

"ಅದು ದೇವಸ್ಥಾನದಲ್ಲಿ ಕಣಜ್ಜಿ. ಇದು ಕಾಡು."

"ಗುಡಿ ಕಟ್ಟೋಕ್ ಮುಂಚೆ ಮಾದಪ್ಪ ಎಲ್ಲಿದ್ದ ಮಗ? ಇಲ್ಲೇ ತಾನೆ ಹುಲಿ ಮ್ಯಾಲೆ ಕುಂತು ತಿರುಗ್ತಿದ್ದುದು?"

ಹುಡುಗನಿಗೆ ಉತ್ತರ ತೋಚಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ದಾರಿ ಬದಿಯ ಇನ್ನೊಂದು ಬಾಟಲಿಯನ್ನು ತಾನೇ ಎತ್ತಿ ಅಜ್ಜಿಯ ಚೀಲಕ್ಕೆ ಹಾಕಿದ. ಬೆಟ್ಟ ಮುಟ್ಟುವ ಹೊತ್ತಿಗೆ ಚೀಲ ತುಂಬಿತ್ತು. ಹರಕೆಯಲ್ಲಿ ಅರ್ಧ ಹಾದಿಯಲ್ಲೇ ತೀರಿತ್ತು ಎಂದು ಕೇಳಿದವರು ಹೇಳುತ್ತಾರೆ.

ಕೈಯಾರೆ ಮಾಡಿ ತೋರಿಸಿದವರು

ಇದೆಲ್ಲ ಹೇಳುವುದಕ್ಕೆ ಚೆಂದ, ಮಾಡುವವರು ಯಾರು ಎಂದು ಕೆಲವರು ಕೇಳುತ್ತಾರೆ. ಮಾಡಿದವರು ನಮ್ಮ ನಾಡಿನಲ್ಲೇ ಇದ್ದರು.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುವವರು. ಊರ ಪಕ್ಕದ ಬೆಟ್ಟದಲ್ಲಿ ಕುರಿ ಮೇಯಿಸುವಾಗ ಬೇಸಿಗೆಯಲ್ಲಿ ಪ್ರಾಣಿಪಕ್ಷಿಗಳಿಗೆ ಗುಟುಕು ನೀರಿಲ್ಲದ್ದು ಕಂಡು ಅವರಿಗೆ ಸಂಕಟವಾಯಿತು. ಅರ್ಜಿ ಬರೆದು ಕೂರಲಿಲ್ಲ. ತಾವೇ ಅಗೆದರು. ಕುರಿ ಮಾರಿ ಬಂದ ಹಣದಲ್ಲಿ ಸಲಕರಣೆ ಕೊಂಡು ಮತ್ತೆ ಅಗೆದರು. ಹೀಗೆ ಬೆಟ್ಟದಲ್ಲಿ 16 ಕಟ್ಟೆಗಳಾದವು. ಓದಿದವರಲ್ಲ, ಹಣವಂತರಲ್ಲ. 2020ರಲ್ಲಿ ಪ್ರಧಾನಮಂತ್ರಿಗಳು ರೇಡಿಯೋ ಭಾಷಣದಲ್ಲಿ ಅವರ ಹೆಸರು ಹೇಳಿದಾಗ ದೇಶವೇ ತಿರುಗಿ ನೋಡಿತು. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ನವಿಲು, ಮೊಲಗಳಿಗೆ ಅವರು ಗೊತ್ತಿದ್ದರು. 2022ರಲ್ಲಿ ಅವರು ಕಾಲವಾದರು. ಕೆರೆ ಕಾಮೇಗೌಡ ಎಂಬ ಹೆಸರು ಉಳಿಯಿತು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಕಥೆ ಎಲ್ಲರಿಗೂ ಗೊತ್ತು. ಮಕ್ಕಳಿಲ್ಲದ ಕೊರಗನ್ನು ಗಂಡ ಚಿಕ್ಕಯ್ಯನವರೊಂದಿಗೆ ಆಲದ ಸಸಿ ನೆಟ್ಟು ಮರೆತರು. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಸಾಲಾಗಿ 385 ಆಲದ ಮರಗಳು. ನೆಟ್ಟದ್ದು ದೊಡ್ಡದಲ್ಲ. ಕೊಡದಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ, ವರ್ಷಗಟ್ಟಲೆ ಕಾದದ್ದು ದೊಡ್ಡದು. 2019ರಲ್ಲಿ ಪದ್ಮಶ್ರೀ ಬಂತು. 2025ರ ನವೆಂಬರ್ 14ರಂದು ಆ ತಾಯಿ ಕಣ್ಣು ಮುಚ್ಚಿದರು. ಹೆತ್ತ ಮಕ್ಕಳಿಲ್ಲದ ಆಕೆಯ ನೆರಳಲ್ಲಿ ಇಂದಿಗೂ ದಾರಿಹೋಕರು ಕೂತು ಸುಧಾರಿಸಿಕೊಳ್ಳುತ್ತಾರೆ.

ಇವರಿಬ್ಬರೂ ಮಾಡಿದ್ದು ತಮ್ಮ ಊರಿನ ಬೆಟ್ಟಕ್ಕೆ, ತಮ್ಮ ಊರಿನ ದಾರಿಗೆ. ದೂರದ ಕಾಡನ್ನು ಉಳಿಸುತ್ತೇವೆಂದು ಹೊರಟವರಲ್ಲ. ಸೇವೆ ಹತ್ತಿರದಿಂದಲೇ ಶುರುವಾಗಬೇಕು.

ಸೇವೆ ಮಾಡುವ ಬಗೆ

ಪೂಜೆಗೆ ವಿಧಿ ಇರುವಂತೆ ಈ ಸೇವೆಗೂ ವಿಧಿಯುಂಟು. ವಿಧಿ ತಪ್ಪಿದ ಸೇವೆ ಕಾಡಿಗೆ ಉಪಕಾರದ ಬದಲು ಉಪದ್ರವವಾಗುತ್ತದೆ.

ಕಾಲ್ನಡಿಗೆಯ ತಂಡದಲ್ಲಿ ಹತ್ತು ಜನಕ್ಕೆ ಒಬ್ಬರು ಗೋಣಿಚೀಲ ಹಿಡಿಯಬೇಕು. ಮೇಲಕ್ಕೆ ತಂದದ್ದು ಕೆಳಕ್ಕೆ ಹೋಗಬೇಕು. ಸ್ಟೀಲ್ ಲೋಟ, ತಟ್ಟೆ ಜೊತೆಯಲ್ಲಿದ್ದರೆ ಕಸವೇ ಹುಟ್ಟುವುದಿಲ್ಲ. ಅನ್ನದಾನ ಮಾಡುವವರು ಎಲೆಯಲ್ಲಿ ಬಡಿಸಿ, ಉಂಡ ಜಾಗ ಗುಡಿಸಿ, ಎಂಜಲೆಲೆಯನ್ನು ಕಾಡಿಗೆ ಬಿಡದೆ ತೆಗೆದುಕೊಂಡು ಹೋದ ಮೇಲೆಯೇ ದಾನ ಪೂರ್ತಿಯಾಯಿತೆಂದು ತಿಳಿಯಬೇಕು.

ಹಾದಿ ಬಿಟ್ಟು ಕಾಡಿನೊಳಗೆ ಇಳಿಯಬಾರದು. ವನ್ಯಧಾಮದೊಳಗೆ ಶ್ರಮದಾನ ಮಾಡುವ ತಂಡದವರು ಮೊದಲೇ ಅರಣ್ಯ ಇಲಾಖೆಯ ಅನುಮತಿ ಪಡೆದು, ಇಲಾಖೆಯವರ ಜೊತೆಯಲ್ಲೇ ಹೋಗಬೇಕು. ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಹೊತ್ತು ಮುಳುಗುವ ಮುಂಚೆ ಹಿಂದಿರುಗಬೇಕು, ಏಕೆಂದರೆ ಇಳಿಹೊತ್ತು ಆನೆಯ ಹೊತ್ತು. ಕಸದ ಗುಡ್ಡೆಗೆ ಬರಿಗೈ ಹಾಕಬಾರದು. ಅಡಿಯಲ್ಲಿ ಗಾಜೂ ಇರಬಹುದು, ಹಾವೂ ಇರಬಹುದು.

ಬೆಂಕಿ ಕಂಡರೆ ಹುಮ್ಮಸ್ಸಿನಲ್ಲಿ ಒಳಗೆ ನುಗ್ಗಬಾರದು. ಗಾಳಿ ತಿರುಗಿದರೆ ಪ್ರಾಣಕ್ಕೆ ಅಪಾಯ. ಕೂಡಲೇ ಹತ್ತಿರದ ಅರಣ್ಯ ಸಿಬ್ಬಂದಿಗೆ ತಿಳಿಸುವುದೇ ದೊಡ್ಡ ಸಹಾಯ. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡುವಾಗ ಇಲಾಖೆಯವರು ಕರೆದರೆ ಹೋಗಿ ತರಗು ಗುಡಿಸಿ ಕೊಡಬಹುದು. ಅದೂ ರಜ ಹೊಡೆಯುವ ಸೇವೆಯೇ, ಪೊರಕೆ ಸ್ವಲ್ಪ ದೊಡ್ಡದು, ಅಷ್ಟೆ.

ಲಂಟಾನವನ್ನು ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಕಾಯಿ ಕಟ್ಟುವ ಮುಂಚೆ ಬೇರುಸಹಿತ ಕೀಳಬೇಕು. ಹಣ್ಣಾದರೆ ಹಕ್ಕಿಗಳು ಬೀಜ ಹರಡುತ್ತವೆ. ಈ ಬೆಟ್ಟದ ಸೋಲಿಗರು, ಬೇಡಗಂಪಣರು ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವುದನ್ನು ಕಲಿತು ಅದರಿಂದ ಸಂಪಾದನೆಯನ್ನೂ ಮಾಡಿದ್ದಾರೆ. ಕಾಡಿನ ಮಾತಿನಲ್ಲಿ ಅವರೇ ಹಿರಿಯರು. ಪೇಟೆಯಿಂದ ಬಂದ ಸ್ವಯಂಸೇವಕ ಅವರಿಗೆ ಹೇಳಿಕೊಡಲು ಹೋಗದೆ ಅವರಿಂದ ಕೇಳಿಕೊಳ್ಳುವುದು ಲೇಸು. ಕಾಡಿನೊಳಗೆ ಕಂಡ ಕಂಡ ಬೀಜ ಎಸೆಯುವುದೂ ಬೇಡ. ಲಂಟಾನವನ್ನೂ ಹಿಂದೊಮ್ಮೆ ಹೂವಿನ ಅಂದಕ್ಕೆಂದೇ ಈ ದೇಶಕ್ಕೆ ತಂದದ್ದು.

ಇನ್ನು ಕಾಡಂಚಿನ ಊರಿನ ಓದಿದ ಹುಡುಗ ಹುಡುಗಿಯರಿಗೆ ಒಂದು ವಿಶೇಷ ಸೇವೆಯುಂಟು. ಕಾಡುಪ್ರಾಣಿ ಹಸು ಹೊಡೆದರೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು. ಆದರೆ ಅರ್ಜಿ ಬರೆಯಬೇಕು, ಫೋಟೋ ತೆಗೆಯಬೇಕು, ಪಶುವೈದ್ಯರ ಕಾಗದ ಬೇಕು, ಕಚೇರಿಗೆ ಓಡಾಡಬೇಕು. ಅಕ್ಷರ ಬಾರದ ಬಡವ ಇದಕ್ಕೆ ಹೆದರಿ ಕೈಚೆಲ್ಲುತ್ತಾನೆ, ಒಳಗೊಳಗೇ ಕುದಿಯುತ್ತಾನೆ. "ಅಣ್ಣ, ಚಿಂತೆ ಮಾಡಬೇಡ, ಅರ್ಜಿ ನಾನು ಬರ್ಕೊಡ್ತೀನಿ, ಕಚೇರಿಗೂ ಜೊತೇಲಿ ಬರ್ತೀನಿ" ಎಂದು ಆ ದಿನವೇ ಅವನ ಜಗಲಿಯಲ್ಲಿ ಹೋಗಿ ಕೂರುವವನು ಒಂದು ಮನೆಯನ್ನೂ ಉಳಿಸುತ್ತಾನೆ, ಒಂದು ಹುಲಿಯನ್ನೂ ಉಳಿಸುತ್ತಾನೆ. ವಿಷದ ಬಾಟಲಿ ಕೈಗೆ ಬರುವ ಮುಂಚೆ ನೆರೆಯವನ ಸಮಾಧಾನ ಬರಬೇಕು.

ದೂರದ ಊರಿನವರು ತಮ್ಮೂರಿನ ಕೆರೆ, ಕಟ್ಟೆ, ಗುಂಡುತೋಪು, ಕಲ್ಯಾಣಿಗಳನ್ನು ನೋಡಿಕೊಳ್ಳಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಮ್ಮ ಪಂಚಾಯ್ತಿಯಲ್ಲಿ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಸಿ ನೆಡುವವರು ಹೊಂಗೆ, ಬೇವು, ಅತ್ತಿ, ಆಲದಂಥ ನಮ್ಮ ನೆಲದ ಗಿಡಗಳನ್ನೇ ನೆಡಲಿ. ನೆಟ್ಟವನು ಮೂರು ಬೇಸಿಗೆ ನೀರು ಹಾಕುತ್ತೇನೆಂದು ಸಂಕಲ್ಪ ಮಾಡಿ ನೆಡಲಿ. ಫೋಟೋ ತೆಗೆದ ದಿನವೇ ಮರೆಯುವುದಾದರೆ ಆ ಸಸಿ ನರ್ಸರಿಯಲ್ಲೇ ಸುಖವಾಗಿರುತ್ತದೆ.

ಸೇವೆಯ ಫಲ

"ಇದೆಲ್ಲ ಸರ್ಕಾರದ ಕೆಲಸ" ಎನ್ನುವವರಿದ್ದಾರೆ. ಸರ್ಕಾರದ್ದೂ ಹೌದು. ದೇವಸ್ಥಾನದಲ್ಲಿ ಕಸ ಗುಡಿಸುವ ನೌಕರರಿದ್ದರೂ ಭಕ್ತ ಪೊರಕೆ ಹಿಡಿಯುತ್ತಾನಲ್ಲ, ಏಕೆ? ಗುಡಿಸಿದಾಗ ನೆಲದ ಜೊತೆಗೆ ನಾನು ಎಂಬ ಧೂಳೂ ಹೋಗುತ್ತದೆಂದು. "ಎಲ್ಲ ಮಾದಪ್ಪ ನೋಡ್ಕೋತಾನೆ" ಎನ್ನುವವರೂ ಇದ್ದಾರೆ. ನೋಡಿಕೊಳ್ಳುತ್ತಾನೆ, ನಿಜ. ಆದರೆ ಯಾರು ಎಸೆದರು, ಯಾರು ಎತ್ತಿದರು ಎಂಬುದನ್ನೂ ಅವನು ನೋಡುತ್ತಾನೆ.

ಈ ಸೇವೆಯ ಫಲ ಕೈಗೆ ಬೇಗ ಸಿಗುವುದಿಲ್ಲ. ಇಂದು ಎತ್ತಿದ ಚೀಲದಿಂದ ಯಾವ ಜಿಂಕೆ ಉಳಿಯಿತೆಂದು ಯಾರಿಗೂ ತಿಳಿಯುವುದಿಲ್ಲ. ಇಂದು ಕಿತ್ತ ಲಂಟಾನದ ಜಾಗದಲ್ಲಿ ಹುಲ್ಲು ಹುಟ್ಟುವುದು ಮುಂದಿನ ಮಳೆಗೆ. ಇಂದು ನೆಟ್ಟ ಆಲಕ್ಕೆ ಬಿಳಲು ಇಳಿಯುವ ಹೊತ್ತಿಗೆ ನೆಟ್ಟವನು ಇರುವುದೂ ಇಲ್ಲ. ಫಲ ಕಾಣದಿದ್ದರೂ ಮಾಡುವುದಕ್ಕೇ ಸೇವೆಯೆಂದು ಹೆಸರು. ಫಲ ಎಣಿಸಿ ಮಾಡುವುದಕ್ಕೆ ವ್ಯಾಪಾರವೆಂದು ಹೆಸರು.

ಭಕ್ತರೇ, ದರ್ಶನ ಮುಗಿಸಿ, ಲಾಡು ಪ್ರಸಾದ ಕಟ್ಟಿಸಿಕೊಂಡು ಬೆಟ್ಟ ಇಳಿಯುವಾಗ ಚೀಲದಲ್ಲಿ ಇನ್ನೊಂದಿಷ್ಟು ಜಾಗ ಉಳಿಸಿಕೊಳ್ಳಿ. ಹಾದಿಬದಿಯಲ್ಲಿ ಕಂಡದ್ದರಲ್ಲಿ ನಾಲ್ಕನ್ನಾದರೂ ಎತ್ತಿಕೊಂಡು ಹೋಗಿ. ಮನೆ ಮುಟ್ಟಿದ ಮೇಲೆ ನಿಮ್ಮೂರಿನ ಬೆಟ್ಟಕ್ಕೆ, ಕೆರೆಗೆ ತಿಂಗಳಲ್ಲಿ ಒಂದು ದಿನ ಕೊಡಿ. ಅಮಾವಾಸ್ಯೆಗೆ ಬೆಟ್ಟಕ್ಕೆ ಬರಲಾಗದವರು ಅಂದು ತಮ್ಮೂರಿನಲ್ಲೇ ಈ ಸೇವೆ ಮಾಡಿದರೂ ಸ್ವಾಮಿಗೆ ಸಲ್ಲುತ್ತದೆ.

ಮಲೆ ಹಸಿರಾಗಿರಲಿ, ಹಾಲಹಳ್ಳ ಹರಿಯುತ್ತಿರಲಿ, ಸ್ವಾಮಿಯ ಹುಲಿ ಮರಿಗಳೊಂದಿಗೆ ನೆಮ್ಮದಿಯಾಗಿ ನೀರು ಕುಡಿಯಲಿ, ಬಡವನ ದೊಡ್ಡಿಯಲ್ಲಿ ಹಸು ಕ್ಷೇಮವಾಗಿರಲಿ. ಸರ್ವರಿಗೂ ಸನ್ಮಂಗಳವಾಗಲಿ.

ಉಘೇ ಉಘೇ ಮಾದಪ್ಪ! ಉಘೇ ಮಾಯಕಾರ!